ತಗೊಂಡವನಿಗೆ ತೆರಿಗೆ ಇಲ್ಲ, ಬಿಟ್ಟವನಿಗೆ ಇದೆ: ದಾವಣಗೆರೆಯ ಒಂದು ಪಾಲುದಾರಿಕೆ ಅಂಗಡಿಯ ಪ್ರಕರಣ

2025ರ ಜೂನ್ ಮೊದಲ ವಾರ. ಅಣ್ಣ, ತಮ್ಮ ಇಬ್ಬರೂ ತೆರಿಗೆ ಲೆಕ್ಕ ನೋಡುವ ನನ್ನ ಆಫೀಸಿಗೆ ಬಂದರು. ಒಟ್ಟಿಗೇ ಬಂದರು, ಆದರೆ ಮಧ್ಯದ ಕುರ್ಚಿ ಖಾಲಿ ಬಿಟ್ಟು ಕೂತರು. ಅದನ್ನು ನೋಡಿಯೇ ಏನೋ ಆಗಿದೆ ಅನ್ನಿಸಿತು.

ದಾವಣಗೆರೆಯಲ್ಲಿ ಅವರದ್ದು ಪಂಪ್‌ಸೆಟ್, ಪೈಪ್, ಮೋಟರ್ ಸಾಮಾನಿನ ಅಂಗಡಿ. ಅಪ್ಪಾಜಿ ಶುರು ಮಾಡಿದ್ದು. ಜಗಳೂರು, ಚನ್ನಗಿರಿ, ಹರಿಹರದ ಕಡೆಯ ರೈತರು ಗಿರಾಕಿಗಳು. ಅಪ್ಪಾಜಿ ತೀರಿಕೊಂಡ ಮೇಲೆ 2021ರಲ್ಲಿ ಹೊಸ ಪಾಲುದಾರಿಕೆ ಪತ್ರ ಆಯಿತು. ಅಣ್ಣನಿಗೆ ಶೇ 40, ತಮ್ಮನಿಗೆ ಶೇ 40, ಅವ್ವನಿಗೆ ಶೇ 20. ಗುರುತು ಸಿಗಬಾರದು ಅಂತ ಇಲ್ಲಿ ಕೆಲವು ವಿವರ ಬದಲಿಸಿದ್ದೇನೆ, ಅಂಕಿಗಳನ್ನು ದುಂಡಗೆ ಮಾಡಿದ್ದೇನೆ. ನಡೆದದ್ದು ಮಾತ್ರ ಹೀಗೆಯೇ.

ಮೊದಲು ಮಾತಾಡಿದ್ದು ತಮ್ಮ. "ಸರ್, ಹೋದ ವರ್ಷ ಮೇ ತಿಂಗಳಲ್ಲಿ ಮನೆ ಕಟ್ಟೋಕೆ ಅಂತ ಅಂಗಡಿಯಿಂದ 9 ಲಕ್ಷ ತಗೊಂಡಿದ್ದೀನಿ. ಅದಕ್ಕೆ ತೆರಿಗೆ ಎಷ್ಟು ಬೀಳುತ್ತೆ?"

ಏನೂ ಬೀಳುವುದಿಲ್ಲ ಅಂದೆ.

ಅಣ್ಣ ತಲೆ ಎತ್ತಿದರು. "ಅಲ್ರಿ ಸರ್, ನಾನು ತಿಂಗಳಿಗೆ 25 ಸಾವಿರ ಬಿಟ್ಟರೆ ಒಂದು ರೂಪಾಯಿ ಮುಟ್ಟಿಲ್ಲ. ನನಗೆ ತೆರಿಗೆ ಬರುತ್ತೆ ಅಂತ ನಮ್ಮ ಲೆಕ್ಕದ ಹುಡುಗ ಹೇಳ್ತಾನೆ. ತಗೊಂಡವನಿಗೆ ಇಲ್ಲ, ಬಿಟ್ಟವನಿಗೆ ಇದೆ. ಇದು ಯಾವ ನ್ಯಾಯ?"

ಇಬ್ಬರ ಮುನಿಸಿನ ಬೇರು ಇಲ್ಲಿತ್ತು. ಅಣ್ಣ ಕೇಳಿದ್ದರಲ್ಲಿ ತಪ್ಪಿಲ್ಲ. ಪಾಲುದಾರಿಕೆಯಲ್ಲಿ ಇರುವ ಎಷ್ಟೋ ಜನ ಕೇಳಬೇಕಾದ, ಆದರೆ ಕೇಳದೇ ಬಿಡುವ ಪ್ರಶ್ನೆ ಅದು.

ಹಣ ಗಲ್ಲಾದಿಂದ ಹೊರಗೆ ಬರುವುದು ಒಂದೇ ದಾರಿಯಲ್ಲಿ. ಆದಾಯ ತೆರಿಗೆ ಕಾಯ್ದೆ ಮಾತ್ರ ಅದನ್ನು ನಾಲ್ಕು ಹೆಸರಲ್ಲಿ ನೋಡುತ್ತದೆ. ಒಂದು ಲಾಭದ ಪಾಲು. ಇನ್ನೊಂದು ದುಡಿಯುವ ಪಾಲುದಾರನ ಸಂಬಳ. ಮತ್ತೊಂದು ಬಂಡವಾಳದ ಮೇಲಿನ ಬಡ್ಡಿ. ಕೊನೆಯದು ಸುಮ್ನೆ ಕೈಗೆ ತಗೊಂಡ ಹಣ, ಅಂದರೆ ಡ್ರಾಯಿಂಗ್ಸ್. ಲಾಭಕ್ಕೆ ಅಂಗಡಿಯೇ, ಅಂದರೆ ಸಂಸ್ಥೆಯೇ, ಶೇ 30 ತೆರಿಗೆ ಕಟ್ಟುತ್ತದೆ. ಅದರ ಮೇಲೆ ಶೇ 4 ಸೆಸ್. ಒಟ್ಟು ಶೇ 31.2. ವ್ಯಕ್ತಿಗಳಿಗೆ ಇರುವಂತೆ ಇಷ್ಟರವರೆಗೆ ತೆರಿಗೆ ಇಲ್ಲ ಅನ್ನುವ ರಿಯಾಯಿತಿ ಸಂಸ್ಥೆಗೆ ಇಲ್ಲ. ಮೊದಲ ರೂಪಾಯಿಯಿಂದಲೇ ಶುರು. ಹಾಗೆ ತೆರಿಗೆ ಕಟ್ಟಿ ಉಳಿದ ಲಾಭ ಪಾಲುದಾರರಿಗೆ ಹಂಚಿಕೆಯಾದಾಗ ಅವರ ಕೈಯಲ್ಲಿ ಮತ್ತೆ ತೆರಿಗೆ ಇಲ್ಲ. 1961ರ ಕಾಯ್ದೆಯ 10(2ಎ) ಕಲಂ ಹೇಳುವುದು ಇದನ್ನೇ. ಕಂಪನಿಯ ಡಿವಿಡೆಂಡಿಗೆ 2020ರ ಏಪ್ರಿಲ್‌ನಿಂದ ಷೇರುದಾರರ ಕೈಯಲ್ಲೂ ತೆರಿಗೆ ಇದೆ. ಪಾಲುದಾರಿಕೆಯ ಲಾಭಕ್ಕೆ ಆ ಎರಡನೇ ಪೆಟ್ಟು ಇಲ್ಲ.

ಸಂಬಳ, ಬಡ್ಡಿ ಇದಕ್ಕೆ ಉಲ್ಟಾ. ಸಂಸ್ಥೆ ಅವನ್ನು ಖರ್ಚು ಅಂತ ತೋರಿಸಿ ತನ್ನ ತೆರಿಗೆ ಇಳಿಸಿಕೊಳ್ಳುತ್ತದೆ. ತೆರಿಗೆ ಪಾಲುದಾರನ ಕೈಯಲ್ಲಿ ಬರುತ್ತದೆ, ಅದೂ ವ್ಯಾಪಾರದ ಆದಾಯ ಅಂತ. ಸಂಬಳ ಅಂತ ಕರೆದರೂ ನೌಕರನ ಸಂಬಳ ಅದಲ್ಲ. ನೌಕರರ ಸಂಬಳದಿಂದ ನೇರವಾಗಿ ಕಳೆಯುವ ಸ್ಟ್ಯಾಂಡರ್ಡ್ ಡಿಡಕ್ಷನ್ ಸಿಗುವುದಿಲ್ಲ, ಮಾಲೀಕರು ಕೊಡುವ ಸಂಬಳದ ಪ್ರಮಾಣಪತ್ರ ಫಾರಂ 16 ಸಿಗುವುದಿಲ್ಲ. ಗೃಹಸಾಲಕ್ಕೆ ಹೋದಾಗ ಬ್ಯಾಂಕಿನವರು ಫಾರಂ 16 ಕೇಳಿದರು ಅಂತ ತಮ್ಮ ಬೇಜಾರು ಮಾಡಿಕೊಂಡಿದ್ದು ಇದೇ ಕಾರಣಕ್ಕೆ. ಅವರಿಗೆ ತೋರಿಸಬೇಕಾದದ್ದು ಐಟಿಆರ್-3, ಅಂದರೆ ವ್ಯಾಪಾರದ ಆದಾಯ ಇರುವವರು ಹಾಕುವ ರಿಟರ್ನ್.

ಡ್ರಾಯಿಂಗ್ಸ್ ಆದಾಯವೇ ಅಲ್ಲ. ನಿಮ್ಮದೇ ಬಂಡವಾಳ ಖಾತೆಯಿಂದ ನೀವು ತೆಗೆದದ್ದು. ಹಾಗಾಗಿ ತಮ್ಮ ತಗೊಂಡ 9 ಲಕ್ಷಕ್ಕೆ ತೆರಿಗೆ ಇಲ್ಲ. ಅಣ್ಣನ ಖಾತೆಗೆ ಸಂಬಳ, ಬಡ್ಡಿ ಅಂತ ಜಮಾ ಆಗಿದೆ. ಕೈಗೆ ಬಂತೋ ಇಲ್ಲವೋ ಅಂತ ಕಾಯ್ದೆ ಕೇಳುವುದಿಲ್ಲ. ಜಮಾ ಆಯಿತು ಅಂದರೆ ತೆರಿಗೆ.

ಇಷ್ಟು ಹೇಳಿದ ಮೇಲೆ ಅಣ್ಣ ಸ್ವಲ್ಪ ತಣ್ಣಗಾದರು. ನನಗೆ ಮಾತ್ರ ಅಲ್ಲಿಂದಲೇ ತಲೆಬಿಸಿ ಶುರುವಾಯಿತು.

ಈ ಸಂಸ್ಥೆಯ ರಿಟರ್ನ್ ನಾಲ್ಕು ವರ್ಷದಿಂದ ನಾನೇ ಹಾಕುತ್ತಿದ್ದೆ. ವಹಿವಾಟು 2 ಕೋಟಿಯ ಒಳಗೇ ಇತ್ತು. 44ಎಡಿ ಕಲಂ ಪ್ರಕಾರ ಅಂದಾಜು ಲಾಭ ತೋರಿಸಿದರೆ ಮುಗಿಯುತ್ತಿತ್ತು. ಆ ದಾರಿಯಲ್ಲಿ ಹೋದರೆ ಪಾಲುದಾರರ ಸಂಬಳ, ಬಡ್ಡಿಯನ್ನು ಬೇರೆ ಕಳೆಯಲು ಬರುವುದಿಲ್ಲ. ಆದ್ದರಿಂದ ಅವರು ಸಂಬಳ, ಬಡ್ಡಿ ಅಂತ ಲೆಕ್ಕ ಹಾಕುತ್ತಲೇ ಇರಲಿಲ್ಲ. ಪಾಲುದಾರಿಕೆ ಪತ್ರದಲ್ಲಿ ಸಂಬಳದ ಬಗ್ಗೆ ಏನು ಬರೆದಿದೆ ಅಂತ ನಾನೂ ಬಿಡಿಸಿ ಓದಿರಲಿಲ್ಲ. ಅದು ನನ್ನ ತಪ್ಪು. ಓದಿದ್ದರೆ ಈ ಪ್ರಕರಣವೇ ಇರುತ್ತಿರಲಿಲ್ಲ.

2023ರಲ್ಲಿ ಬರ ಬಂತಲ್ಲ, ಅದರ ಬಿಸಿ 2024ರ ಬೇಸಿಗೆಗೆ ತಟ್ಟಿತು. ಅಡಿಕೆ ತೋಟದವರು ಟ್ಯಾಂಕರ್ ನೀರು ಹಾಕಿಸಿ ಮರ ಉಳಿಸಿಕೊಂಡ ವರ್ಷ ಅದು. ಬೋರು ಬತ್ತಿದವರು ಇನ್ನೊಂದು ಕೊರೆಸಿದರು. ಮೋಟರ್, ಪೈಪು ಜಾಸ್ತಿ ಹೋಯಿತು. 2024-25ರ ವಹಿವಾಟು 2 ಕೋಟಿ 60 ಲಕ್ಷ ಆಯಿತು. ಅದರಲ್ಲಿ ಒಳ್ಳೇ ಪಾಲು ನಗದು. 44ಎಡಿ ಬಾಗಿಲು ಮುಚ್ಚಿತು. ಪೂರ್ತಿ ಲೆಕ್ಕ, ಆಡಿಟ್ ಎಲ್ಲ ಬಂತು. ಆಗ ಅಂಗಡಿಯ ಲೆಕ್ಕದ ಹುಡುಗ ಪಕ್ಕದ ಅಂಗಡಿಯಲ್ಲಿ ಕೇಳಿಕೊಂಡು ಬಂದು, ಮಾರ್ಚ್ ಕೊನೆಗೆ ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿಯಲ್ಲಿ ಮೂವರಿಗೂ ಸಂಬಳ, ಬಡ್ಡಿ ಹಾಕಿದ.

ಅವನು ಹಾಕಿದ ಲೆಕ್ಕ ಹೀಗಿತ್ತು. ಸಂಬಳ, ಬಡ್ಡಿ ಕಳೆಯುವ ಮುಂಚೆ ಲಾಭ 19,80,000 ರೂಪಾಯಿ. ವರ್ಷದ ಮೊದಲ ದಿನ ಅಣ್ಣನ ಬಂಡವಾಳ 20 ಲಕ್ಷ, ಅವ್ವನದ್ದು 15 ಲಕ್ಷ, ತಮ್ಮನದ್ದು 5 ಲಕ್ಷ. ಪತ್ರದಲ್ಲಿ ವರ್ಷಾರಂಭದ ಬಂಡವಾಳಕ್ಕೆ ಶೇ 12 ಬಡ್ಡಿ ಅಂತ ಸ್ಪಷ್ಟವಾಗಿ ಇದೆ. ಕಾಯ್ದೆಯ ಮಿತಿಯೂ ಶೇ 12, ಸರಳ ಬಡ್ಡಿ. ಅಣ್ಣನಿಗೆ 2,40,000, ಅವ್ವನಿಗೆ 1,80,000, ತಮ್ಮನಿಗೆ 60,000. ಒಟ್ಟು 4,80,000. ಇದರಲ್ಲಿ ತಕರಾರು ಇಲ್ಲ.

ಉಳಿದದ್ದು 15 ಲಕ್ಷ. ಸಂಬಳದ ಮಿತಿ ಲೆಕ್ಕ ಹಾಕಲು ಹಿಡಿಯುವ ಪುಸ್ತಕ ಲಾಭ ಇದೇ. 2024-25ರಿಂದ ಈ ಮಿತಿ ಹೆಚ್ಚಾಗಿದೆ. ಮೊದಲ 6 ಲಕ್ಷಕ್ಕೆ ಶೇ 90 ಅಥವಾ 3 ಲಕ್ಷ, ಯಾವುದು ಜಾಸ್ತಿಯೋ ಅದು. ಉಳಿದದ್ದಕ್ಕೆ ಶೇ 60. ಅದಕ್ಕೂ ಮುಂಚೆ ಮೊದಲ 3 ಲಕ್ಷಕ್ಕೆ ಮಾತ್ರ ಶೇ 90 ಇತ್ತು. ಹೊಸ ಲೆಕ್ಕದಲ್ಲಿ 5,40,000 ಮತ್ತು 5,40,000, ಒಟ್ಟು 10,80,000 ಮಿತಿ. ಹುಡುಗ ಹಾಕಿದ್ದು ಅಣ್ಣನಿಗೆ ತಿಂಗಳಿಗೆ 40,000, ತಮ್ಮನಿಗೆ 30,000, ಅವ್ವನಿಗೆ 15,000. ವರ್ಷಕ್ಕೆ 10,20,000. ಮಿತಿಯೊಳಗೇ ಇದೆ. ಉಳಿದ 4,80,000ಕ್ಕೆ ಸಂಸ್ಥೆಯ ತೆರಿಗೆ 1,49,760. ಅಣ್ಣನ ಆದಾಯ 7,20,000 ಆಗಿ, ಹೊಸ ಪದ್ಧತಿಯಲ್ಲಿ ಆ ವರ್ಷ ತೆರಿಗೆ ಬೀಳದಿದ್ದ 7 ಲಕ್ಷದ ಗೆರೆ ದಾಟಿತು. ಅದಕ್ಕೆ ಸೆಸ್ ಸೇರಿ 20,800. ಅಣ್ಣನ ಸಿಟ್ಟಿಗೆ ಕಾರಣವಾದ ತೆರಿಗೆ ಇದು. ತಮ್ಮನ ಆದಾಯವೂ ಅವ್ವನ ಆದಾಯವೂ ಆ ಗೆರೆಯ ಒಳಗೇ ಇದ್ದವು, ಅವರಿಗೆ ತೆರಿಗೆ ಇಲ್ಲ.

ಕಾಗದದ ಮೇಲೆ ಎಲ್ಲ ಸರಿ ಕಾಣುತ್ತಿತ್ತು. "ಪತ್ರ ತಂದಿದ್ದೀರಾ?" ಅಂತ ಕೇಳಿದೆ. ತಮ್ಮ ಚೀಲದಿಂದ ತೆಗೆದು ಕೊಟ್ಟರು. ಒಂಬತ್ತನೇ ಷರತ್ತು ಓದಿದೆ. "ದುಡಿಯುವ ಪಾಲುದಾರರಿಗೆ ಪರಸ್ಪರ ಒಪ್ಪಿದಂತೆ ಸಂಬಳ ಕೊಡತಕ್ಕದ್ದು." ಅಷ್ಟೇ. ಎಷ್ಟು ಅಂತ ಇಲ್ಲ. ಹೇಗೆ ಲೆಕ್ಕ ಹಾಕಬೇಕು ಅಂತಲೂ ಇಲ್ಲ. ಬ್ಯಾಂಕಿಗೆ ಅರ್ಜೆಂಟಾಗಿ ಬೇಕು ಅಂತ 2021ರಲ್ಲಿ ಒಂದೇ ದಿನದಲ್ಲಿ ಟೈಪ್ ಮಾಡಿಸಿದ ಪತ್ರವಂತೆ.

ಸಂಬಳ ಖರ್ಚಾಗಿ ಸಿಗಬೇಕಾದರೆ 40(ಬಿ) ಕಲಂ ಪ್ರಕಾರ ಮೂರು ಸಂಗತಿ ನೋಡಬೇಕು. ತಗೊಳ್ಳುವವರು ನಿಜವಾಗಿ ಅಂಗಡಿ ಕೆಲಸದಲ್ಲಿ ತೊಡಗಿರಬೇಕು. ಪತ್ರದಲ್ಲಿ ಅದಕ್ಕೆ ಅಧಿಕಾರ ಇರಬೇಕು. ಮಿತಿಯೊಳಗೆ ಇರಬೇಕು. ನಮ್ಮವರು ಮೂರನೆಯದನ್ನು ಮಾತ್ರ ನೋಡಿದ್ದರು.

ಮೊದಲನೆಯದರಲ್ಲಿ ಅವ್ವನ ಸಂಬಳ ಬಿತ್ತು. ಅವರಿಗೆ ಮೊಣಕಾಲು ನೋವು. ಅಂಗಡಿ ಮೆಟ್ಟಿಲು ಹತ್ತಿ ಎರಡು ವರ್ಷ ಆಗಿದೆ. ಹಬ್ಬಕ್ಕೆ ಪೂಜೆಗೆ ಬರುತ್ತಾರೆ, ಅಷ್ಟೇ. ಅವರನ್ನು ದುಡಿಯುವ ಪಾಲುದಾರರು ಅಂತ ಯಾವ ಬಾಯಲ್ಲಿ ಹೇಳುವುದು?

ಎರಡನೆಯದರಲ್ಲಿ ಅಣ್ಣ, ತಮ್ಮನ ಸಂಬಳವೂ ಅಲುಗಾಡಿತು. ಪ್ರತಿಯೊಬ್ಬ ದುಡಿಯುವ ಪಾಲುದಾರನಿಗೆ ಎಷ್ಟು ಅಂತ ಪತ್ರದಲ್ಲಿ ಇರಬೇಕು, ಇಲ್ಲವೇ ಅದನ್ನು ಲೆಕ್ಕ ಹಾಕುವ ರೀತಿ ಇರಬೇಕು ಅಂತ ನೇರ ತೆರಿಗೆ ಮಂಡಳಿ 1996ರ ಮಾರ್ಚ್‌ನಲ್ಲೇ 739ನೇ ಸುತ್ತೋಲೆ ಹೊರಡಿಸಿದೆ. ಬರೀ "ಪರಸ್ಪರ ಒಪ್ಪಿದಂತೆ" ಅಂದರೆ ಸಾಲದು ಅಂತ ದೆಹಲಿ ಹೈಕೋರ್ಟ್ ಒಂದು ಪ್ರಕರಣದಲ್ಲಿ ಹೇಳಿದೆ. ಕಾಯ್ದೆಯ ಸೂತ್ರವನ್ನೇ ಪತ್ರದಲ್ಲಿ ಬರೆದಿದ್ದರೆ ಸಾಕು ಅಂತ ಹಿಮಾಚಲ ಹೈಕೋರ್ಟ್ ಒಪ್ಪಿದ್ದೂ ಇದೆ. ನಮ್ಮ ಪತ್ರದಲ್ಲಿ ಸೂತ್ರವೂ ಇರಲಿಲ್ಲ.

"ಹಂಗಾದ್ರೆ ಈಗ ಹೊಸ ಪತ್ರ ಮಾಡಿಸಿ 2024ರ ಏಪ್ರಿಲ್‌ನಿಂದ ಅಂತ ಬರೆಸೋಣ" ಅಂದರು ತಮ್ಮ. ಎಲ್ಲರೂ ಮೊದಲು ಹೇಳುವುದು ಇದನ್ನೇ. ಆಗುವುದಿಲ್ಲ. ಪತ್ರದ ತಾರೀಖಿಗೆ ಹಿಂದಿನ ಅವಧಿಯ ಸಂಬಳವನ್ನು ಆ ಪತ್ರ ತೋರಿಸಿ ಕಳೆಯಲು ಬರುವುದಿಲ್ಲ ಅಂತ ಅದೇ 40(ಬಿ) ಕಲಂ ಹೇಳುತ್ತದೆ. ಹಿಂದಿನ ತಾರೀಖು ಹಾಕಿದ ಸ್ಟಾಂಪ್ ಪೇಪರ್ ತರಿಸುವ ಮಾತನ್ನು ನಾನು ಶುರುವಲ್ಲೇ ನಿಲ್ಲಿಸಿದೆ. ಅದು ಸುಳ್ಳು ದಾಖಲೆ. ನನ್ನ ಟೇಬಲ್ ಮೇಲೆ ಅದಕ್ಕೆ ಜಾಗ ಇಲ್ಲ.

ಹಾಗಾದರೆ ನಷ್ಟ ಎಷ್ಟು? ಪೂರ್ತಿ 10,20,000 ಬಿದ್ದರೆ ಸಂಸ್ಥೆಯ ತೆರಿಗೆಯ ಆದಾಯ 15 ಲಕ್ಷ. ತೆರಿಗೆ 4,68,000. ಅಂದುಕೊಂಡದ್ದಕ್ಕಿಂತ 3,18,240 ಜಾಸ್ತಿ. ಒಂದು ಸಮಾಧಾನ ಇದೆ. ಸಂಸ್ಥೆಯ ಕೈಯಲ್ಲಿ ಖರ್ಚಾಗಿ ಸಿಗದ ಸಂಬಳಕ್ಕೆ ಪಾಲುದಾರನ ಕೈಯಲ್ಲೂ ತೆರಿಗೆ ಇಲ್ಲ. 28ನೇ ಕಲಂನಲ್ಲಿ ಆ ಮಾತಿದೆ. ಅಣ್ಣನ ಆದಾಯ ಬಡ್ಡಿಯ 2,40,000ಕ್ಕೆ ಇಳಿಯುತ್ತದೆ. ಅವರ 20,800 ಉಳಿಯುತ್ತದೆ. ಕುಟುಂಬಕ್ಕೆ ಒಟ್ಟು ಹೊರೆ 2,97,440. ಮುಂಗಡ ತೆರಿಗೆ ಕಡಿಮೆ ಕಟ್ಟಿದ್ದಕ್ಕೆ ಬಡ್ಡಿ ಬೇರೆ. ಪತ್ರದಲ್ಲಿ ಒಂದು ಸಾಲು ಬಿಟ್ಟಿದ್ದಕ್ಕೆ ಇಷ್ಟು.

ಅವ್ವನ ಸಂಬಳದ ಬಗ್ಗೆ ಯೋಚನೆ ಮಾಡುವುದೇ ಇರಲಿಲ್ಲ. ಅಣ್ಣ, ತಮ್ಮನ 8,40,000ದ ಬಗ್ಗೆ ಎರಡು ದಾರಿ ಇತ್ತು. ಕ್ಲೈಮ್ ಮಾಡಿ, ನೋಟಿಸ್ ಬಂದರೆ ವಾದ ಮಾಡಬಹುದು. ಇಬ್ಬರೂ ಬೆಳಗಿನಿಂದ ರಾತ್ರಿವರೆಗೆ ಅಂಗಡಿಯಲ್ಲೇ ದುಡಿಯುತ್ತಾರೆ, ಸಂಬಳ ಕೊಡಬಹುದು ಅಂತ ಪತ್ರದಲ್ಲಿ ಇದೆ. ಹಾಗೆ ಮಾಡಿ ಅಂತ ಹೇಳುವ ಸಲಹೆಗಾರರೂ ಇದ್ದಾರೆ, ಅವರದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ಸೋತರೆ 2,62,080 ತೆರಿಗೆ, ಬಡ್ಡಿ, ಜೊತೆಗೆ ಆದಾಯ ಕಡಿಮೆ ತೋರಿಸಿದ್ದಕ್ಕೆ ಆ ತೆರಿಗೆಯ ಶೇ 50 ದಂಡದ ಭಯ. ಇನ್ನೊಂದು ದಾರಿ, ನಾವೇ ಬಿಟ್ಟುಕೊಟ್ಟು ತೆರಿಗೆ ಕಟ್ಟುವುದು. ನನ್ನ ಮನಸ್ಸು ಎರಡನೆಯದರ ಕಡೆ ಇತ್ತು. ಪತ್ರದ ಸಾಲು ಅಷ್ಟು ತೆಳ್ಳಗಿತ್ತು. ನಿರ್ಧಾರ ಅವರಿಗೇ ಬಿಟ್ಟೆ.

ಮೂರು ದಿನ ಬಿಟ್ಟು ಅಣ್ಣ ಫೋನ್ ಮಾಡಿದರು. "ಕಟ್ಟಿಬಿಡೋಣ ಸರ್. ಅಪ್ಪಾಜಿ ಇದ್ದಾಗ ಯಾವ ನೋಟಿಸೂ ಬಂದಿರಲಿಲ್ಲ ಈ ಅಂಗಡಿಗೆ."

ಲೆಕ್ಕ ಇನ್ನೂ ಮುಗಿದಿರಲಿಲ್ಲ. ಅವ್ವನ ಸಂಬಳದ ಎಂಟ್ರಿಯನ್ನು ಪುಸ್ತಕದಲ್ಲೇ ವಾಪಸ್ ತೆಗೆಸಿದೆ. ಅವರಿಗೆ ಪತ್ರದ ಪ್ರಕಾರ ಸಂಬಳದ ಹಕ್ಕೇ ಇರಲಿಲ್ಲ. ಅಣ್ಣ, ತಮ್ಮ ಒಪ್ಪಿ ತಗೊಂಡ ಸಂಬಳ ಪುಸ್ತಕದಲ್ಲಿ ಹಾಗೇ ಉಳಿಯಿತು, ತೆರಿಗೆ ಲೆಕ್ಕದಲ್ಲಿ ಮಾತ್ರ ವಾಪಸ್ ಸೇರಿತು. ಬಡ್ಡಿಯ ಜೊತೆ ಈ ಸಂಬಳವೂ ಕಳೆದು ಪುಸ್ತಕದಲ್ಲಿ ಉಳಿದ ಲಾಭ 6,60,000. ತೆರಿಗೆ 4,68,000 ಹೋಗಿ ಉಳಿದದ್ದು 1,92,000. ಅಣ್ಣನಿಗೆ 76,800, ತಮ್ಮನಿಗೆ 76,800, ಅವ್ವನಿಗೆ 38,400. ಬರಗಾಲದಲ್ಲಿ ಹಗಲು ರಾತ್ರಿ ಓಡಾಡಿ ಮಾಡಿದ ವ್ಯಾಪಾರದ ಲಾಭದ ಪಾಲು ಇಷ್ಟೇನಾ ಅಂತ ತಮ್ಮ ಹಾಳೆಯನ್ನೇ ನೋಡುತ್ತಾ ಕೂತರು. ನನಗೂ ಸಂಕಟವಾಯಿತು.

ಆಮೇಲೆ ತಮ್ಮನ ಬಂಡವಾಳ ಖಾತೆ ಬಿಡಿಸಿದೆ. 5,00,000 ಶುರುವಿನದು. ಬಡ್ಡಿ 60,000, ಸಂಬಳ 3,60,000, ಲಾಭ 76,800 ಜಮಾ. ತಿಂಗಳ ಖರ್ಚಿಗೆ ತಗೊಂಡದ್ದು 3,60,000. ಮನೆಗೆ 9,00,000. ಕೊನೆಗೆ 2,63,200 ಮೈನಸ್. ಅಂದರೆ ತಮ್ಮ ಮುಟ್ಟಿದ್ದು ತನ್ನ ದುಡ್ಡನ್ನಷ್ಟೇ ಅಲ್ಲ. ಅಣ್ಣ ಮತ್ತು ಅವ್ವ ಅಂಗಡಿಯಲ್ಲಿ ಬಿಟ್ಟ ದುಡ್ಡನ್ನೂ ಮುಟ್ಟಿದ್ದರು. ತೆರಿಗೆ ಇಲ್ಲ ಅಂದ ಮಾತ್ರಕ್ಕೆ ಡ್ರಾಯಿಂಗ್ಸ್ ಪುಕ್ಕಟೆ ಅಲ್ಲ. ಅಂಗಡಿಯ ಓಡಿ (ಬ್ಯಾಂಕಿನ ಓವರ್‌ಡ್ರಾಫ್ಟ್ ಸಾಲ) ಖಾತೆಯಿಂದ ಅದು ಹೋಗಿದ್ದರೆ, ವ್ಯಾಪಾರಕ್ಕೆ ತಂದ ಸಾಲ ಮನೆಯ ಗಾರೆಗೆ ಹೋಗಿದೆ ಅಂತ ಅಧಿಕಾರಿ ಅಷ್ಟು ಭಾಗದ ಬ್ಯಾಂಕ್ ಬಡ್ಡಿಯನ್ನು ಖರ್ಚಿನಿಂದ ತೆಗೆಯಬಹುದಿತ್ತು. ಮೇ ತಿಂಗಳಲ್ಲಿ ಬೇಸಿಗೆ ವ್ಯಾಪಾರದ ದುಡ್ಡು ಚಾಲ್ತಿ ಖಾತೆಯಲ್ಲೇ ಇತ್ತು, ಓಡಿ ಮುಟ್ಟಿರಲಿಲ್ಲ. ಈ ಸಲ ನಮ್ಮ ಹತ್ತಿರ ಉತ್ತರ ಇತ್ತು.

ಅಣ್ಣನ ನೋವು ಅಸಲಿಗೆ ಆ 20,800ರದ್ದಲ್ಲ ಅಂತ ನನಗೆ ಅರ್ಥವಾದದ್ದು ಈ ಖಾತೆ ನೋಡಿದಾಗ. ತಾನು ಬಿಟ್ಟ ದುಡ್ಡಿಗೆ ಲೆಕ್ಕ ಇಡುವವರೇ ಇಲ್ಲ ಅನ್ನುವ ನೋವು ಅದು.

ಹೊಸ ಪತ್ರ 2025ರ ಜುಲೈ 1ರಿಂದ. ಇದನ್ನು ಬರೆಯಲು ನಾವು ನಾಲ್ಕು ಸಲ ಕೂತೆವು. ಅಣ್ಣನಿಗೆ ತಿಂಗಳಿಗೆ 50,000, ತಮ್ಮನಿಗೆ 40,000 ಅಂತ ಮೊತ್ತ ಬರೆದೆವು. ಕಾಯ್ದೆಯ ಮಿತಿ ಮೀರಿದರೆ ಅದೇ 5:4ರ ಪ್ರಮಾಣದಲ್ಲಿ ಇಳಿಯಬೇಕು ಅಂತಲೂ ಸೇರಿಸಿದೆವು. ಆದಾಯ ತೆರಿಗೆ ಕಾಯ್ದೆಯೇ ಬದಲಾಗುವ ಮಾತು ಆಗಲೇ ಇತ್ತು. ಕಲಂ ಸಂಖ್ಯೆಯ ಜೊತೆಗೆ "ಅಥವಾ ಆಗ ಜಾರಿಯಲ್ಲಿರುವ ಕಾಯ್ದೆಯ ಅದೇ ಅರ್ಥದ ಕಲಂ" ಅಂತ ಹಾಕಿಸಿದೆ. 2026ರ ಏಪ್ರಿಲ್ 1ರಿಂದ ಹೊಸ ಕಾಯ್ದೆ ಜಾರಿ ಅಂತ ಆಮೇಲೆ ತೀರ್ಮಾನವಾಯಿತು. ಇಲ್ಲಿ ನಾನು ಬರೆದಿರುವ ಕಲಂಗಳೆಲ್ಲ 1961ರ ಕಾಯ್ದೆಯವು. ಬಡ್ಡಿಯನ್ನು ವರ್ಷಾರಂಭದ ಬಂಡವಾಳಕ್ಕೆ ಕಟ್ಟುವುದನ್ನು ಬಿಟ್ಟು ಪ್ರತಿ ತಿಂಗಳ ಬಾಕಿಗೆ ಕಟ್ಟುವಂತೆ ಬದಲಿಸಿದೆವು. ಮೇ ತಿಂಗಳಲ್ಲಿ 9 ಲಕ್ಷ ತೆಗೆದವರಿಗೂ ವರ್ಷವಿಡೀ 5 ಲಕ್ಷದ ಬಡ್ಡಿ ಜಮಾ ಆಗಿದ್ದು ಸರಿಯಲ್ಲ ತಾನೆ? ಖಾತೆ ಮೈನಸ್ ಆದರೆ ಆ ಪಾಲುದಾರ ಅಂಗಡಿಗೆ ಶೇ 12 ಬಡ್ಡಿ ಕೊಡಬೇಕು ಅನ್ನುವ ಷರತ್ತು ಬಂದಾಗ ಅಣ್ಣ "ಅದೆಲ್ಲ ಬ್ಯಾಡ ಬಿಡ್ರಿ" ಅಂದರು. "ಹಾಕಿ ಸರ್" ಅಂದದ್ದು ತಮ್ಮ. ತನ್ನ ಸಂಬಳದಲ್ಲಿ ತಿಂಗಳಿಗೆ 15,000 ಅಂಗಡಿಯಲ್ಲೇ ಬಿಡುತ್ತೇನೆ ಅಂತಲೂ ಅವರೇ ಹೇಳಿದರು.

ಏಪ್ರಿಲ್‌ನಿಂದ ಜೂನ್‌ವರೆಗಿನ ಸಂಬಳ ಹೋದ ಹಾಗೇ. ಆ ಮೂರು ತಿಂಗಳು ತಗೊಂಡದ್ದು ಬರೀ ಡ್ರಾಯಿಂಗ್ಸ್.

2025ರ ಏಪ್ರಿಲ್ 1ರಿಂದ ಇನ್ನೊಂದು ಹೊಸ ಜವಾಬ್ದಾರಿ ಬಂದಿದೆ. ಇದು ಇನ್ನೂ ಎಷ್ಟೋ ಅಂಗಡಿಗಳಿಗೆ ಮುಟ್ಟಿಲ್ಲ ಅಂತ ನನ್ನ ಅನುಭವ. 194ಟಿ ಕಲಂ. ಒಬ್ಬ ಪಾಲುದಾರನಿಗೆ ವರ್ಷಕ್ಕೆ ಸಂಬಳ, ಬಡ್ಡಿ, ಕಮಿಷನ್, ಬೋನಸ್ ಎಲ್ಲ ಸೇರಿ 20,000 ದಾಟಿದರೆ ಸಂಸ್ಥೆ ಶೇ 10 ಟಿಡಿಎಸ್ ಹಿಡಿಯಬೇಕು, ಅಂದರೆ ಅಷ್ಟು ತೆರಿಗೆಯನ್ನು ಮೊದಲೇ ಹಿಡಿದು ಸರ್ಕಾರಕ್ಕೆ ಕಟ್ಟಬೇಕು. ಕೈಗೆ ಕೊಟ್ಟಾಗ ಅಥವಾ ಖಾತೆಗೆ ಜಮಾ ಮಾಡಿದಾಗ, ಯಾವುದು ಮೊದಲೋ ಆಗ. ಬಂಡವಾಳ ಖಾತೆಗೆ ಜಮಾ ಮಾಡಿದರೂ ಲೆಕ್ಕಕ್ಕೆ ಬರುತ್ತದೆ. ಲಾಭದ ಪಾಲಿಗೆ ಇಲ್ಲ, ಬಂಡವಾಳ ವಾಪಸ್ ತಗೊಂಡದ್ದಕ್ಕೆ ಇಲ್ಲ. ನನಗೆ ತೆರಿಗೆ ಬರುವುದಿಲ್ಲ ಅಂತ ಹೇಳುವ ಫಾರಂ 15ಜಿ ಕೊಟ್ಟು ತಪ್ಪಿಸಿಕೊಳ್ಳಲು ಇಲ್ಲಿ ಬರುವುದಿಲ್ಲ. ಹಿಡಿಯದೇ ಬಿಟ್ಟರೆ ತಿಂಗಳಿಗೆ ಶೇ 1 ಬಡ್ಡಿ. ಅದರ ಮೇಲೆ ಆ ಖರ್ಚಿನ ಶೇ 30 ಭಾಗ ಸಂಸ್ಥೆಯ ಆದಾಯಕ್ಕೆ ವಾಪಸ್ ಸೇರುವ ಅಪಾಯ. ಟಿಡಿಎಸ್ ಕಟ್ಟಲು ಬೇಕಾದ ಟ್ಯಾನ್ ನಂಬರೇ ಅಂಗಡಿಗೆ ಇರಲಿಲ್ಲ. ಅದೇ ವಾರ ಅರ್ಜಿ ಹಾಕಿಸಿದೆ.

ಉಳಿದದ್ದು ಅವ್ವ. ಸಂಬಳ ನಿಂತಿತು ಅಂತ ಮಕ್ಕಳು ಹೇಳಿದ ರೀತಿ ಸರಿ ಇರಲಿಲ್ಲವೋ ಏನೋ, "ಅಂಗಡಿಗೆ ನಾನು ಬ್ಯಾಡಾದ್ನೇನು?" ಅಂತ ಒಂದು ದಿನ ಊಟ ಬಿಟ್ಟರಂತೆ. ನಾನೇ ಮನೆಗೆ ಹೋದೆ. ಮಂಡಕ್ಕಿ, ಮಿರ್ಚಿ ತಟ್ಟೆ ಮುಂದೆ ಇಟ್ಟು ಕೂತರು. "ಅಮ್ಮಾ, ನಿಮ್ಮ 15 ಲಕ್ಷ ಅಂಗಡಿಯಲ್ಲಿದೆ. ಶೇ 12ರಂತೆ ವರ್ಷಕ್ಕೆ 1,80,000 ಬಡ್ಡಿ. ಹನ್ನೆರಡು ತಿಂಗಳಿಗೆ ಹಂಚಿದರೆ ಎಷ್ಟು?" ಅಂತ ಕೇಳಿದೆ. ಅಪ್ಪಾಜಿಯ ಉದ್ರಿ ಪುಸ್ತಕ ನೋಡಿಕೊಂಡವರು ಅವರು. ತಕ್ಷಣ ಹೇಳಿದರು. "ಹದಿನೈದು ಸಾವಿರ."

ಹೋದ ವರ್ಷ ಸಂಬಳ ಅಂತ ಕೈಗೆ ಬರುತ್ತಿದ್ದದ್ದೂ ಅಷ್ಟೇ. ಇನ್ನು ಮೇಲೆ ಅದನ್ನು ಬಡ್ಡಿ ಅಂತ ಕೊಡುತ್ತಾರೆ. ಇದಕ್ಕೆ ನೀವು ಅಂಗಡಿಯಲ್ಲಿ ಕೆಲಸ ಮಾಡಬೇಕಾಗಿಲ್ಲ, ನಿಮ್ಮ ದುಡ್ಡು ಅಲ್ಲಿರುವುದೇ ಸಾಕು. ಇಷ್ಟು ಕೇಳಿದ ಮೇಲೆ ಅವರ ಮುಖ ಸಡಿಲವಾಯಿತು.

ಜುಲೈ ಕೊನೆಗೆ ಅವರದ್ದೇ ಫೋನ್ ಬಂತು. "ಏನಪ್ಪಾ, ಹದಿನೈದು ಅಂದಿದ್ದೆ, ಹದಿಮೂರೂವರೆ ಸಾವಿರ ಕೊಟ್ಟಾನೆ ಇವನು. ಸಾವಿರದ ಐನೂರು ಎಲ್ಲಿ ಹೋತು?"

ಅದು ಟಿಡಿಎಸ್ ಅಂತ ಹೇಳಿದೆ. ನಿಮ್ಮ ಹೆಸರಲ್ಲೇ ಸರ್ಕಾರದ ಹತ್ತಿರ ಇರುತ್ತದೆ. ನಿಮ್ಮ ಆದಾಯ 4 ಲಕ್ಷದ ಒಳಗೆ ಇರುವುದರಿಂದ ನಿಮಗೆ ತೆರಿಗೆ ಇಲ್ಲ, ರಿಟರ್ನ್ ಹಾಕಿದ ಮೇಲೆ ಪೂರ್ತಿ ವಾಪಸ್ ಬರುತ್ತದೆ ಅಂದೆ. "ಬರ್ತದೆ ತಾನೇ?" ಅಂತ ಎರಡು ಸಲ ಕೇಳಿದರು. ಅವರ ಪ್ಯಾನ್, ಆಧಾರ್ ಜೋಡಣೆ ಆಗಿದೆಯಾ ಅಂತ ಆವತ್ತೇ ನೋಡಿದೆ, ಆಗಿತ್ತು. ಪ್ರತಿ ತಿಂಗಳು 7ನೇ ತಾರೀಖಿನೊಳಗೆ ಟಿಡಿಎಸ್ ಕಟ್ಟಿ, ಆ ಚಲನ್‌ನ ಒಂದು ಪ್ರತಿಯನ್ನು ಅವ್ವನ ಕೈಗೆ ಕೊಡಬೇಕು ಅಂತ ತಮ್ಮನಿಗೆ ಹೇಳಿದ್ದೇನೆ. ಅವರು ಅದನ್ನು ಅಪ್ಪಾಜಿಯ ಹಳೇ ಉದ್ರಿ ಪುಸ್ತಕದೊಳಗೆ ಇಡುತ್ತಿದ್ದಾರಂತೆ.